ಇಂಡಕ್ಷನ್ ಫರ್ನೇಸ್‌ನ ಲೀಡ್ ಕೇಬಲ್ ಬಾಳಿಕೆ ಬರಬೇಕಾದರೆ: ತಾಮ್ರಕ್ಕೂ ಮೊದಲು ಬಾಗು ನೋಡಿ, ನೀರು ನೋಡಿ

ಲೋಹ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಯಲ್ಲಿ ವಾಟರ್ ಕೂಲ್ಡ್ ಲೀಡ್ ಕೇಬಲ್ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ತಾಮ್ರ ಕಡಿಮೆ ಹಾಕಿದಾರೆ, ಇನ್ನೂ ದಪ್ಪದ್ದು ತರಿಸಿ." ದಪ್ಪದ್ದು ಬರುತ್ತದೆ. ಕೆಲವು ತಿಂಗಳಾದ ಮೇಲೆ ಅದೂ ಅದೇ ಜಾಗದಲ್ಲೇ ಹೋಗುತ್ತದೆ. ದಪ್ಪ ಕೇಬಲ್ ಬಗ್ಗುವುದು ಕಷ್ಟ, ಹಾಗಾಗಿ ಕೆಲವು ಸಲ ಮೊದಲಿನದಕ್ಕಿಂತ ಬೇಗನೇ ಹೋಗುತ್ತದೆ.

ಬೆಳಗಾವಿಯ ಉದ್ಯಮಬಾಗ್, ಮಚ್ಛೆ, ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಲ್ಲಿ ಇರುವಂಥ, ಕಾಯಿಲ್‌ನ ಕಾಂತಕ್ಷೇತ್ರದಿಂದ ಲೋಹ ಕರಗಿಸುವ ಮೀಡಿಯಂ ಫ್ರೀಕ್ವೆನ್ಸಿ ಇಂಡಕ್ಷನ್ ಫರ್ನೇಸ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೆಪ್ಯಾಸಿಟರ್ ಬ್ಯಾಂಕಿನ ಬಸ್‌ಬಾರಿನಿಂದ (ಕರೆಂಟ್ ಒಯ್ಯುವ ದಪ್ಪ ಲೋಹದ ಪಟ್ಟಿ) ಫರ್ನೇಸ್ ಕಾಯಿಲ್‌ವರೆಗೆ ಕರೆಂಟ್ ಒಯ್ಯುವ, ಒಳಗೆ ನೀರು ಹರಿಯುವ, ಪ್ರತಿ ಹೀಟ್‌ಗೂ (ಒಂದು ಸಲ ಲೋಹ ಕರಗಿಸಿ ಸುರಿಯುವುದು) ಫರ್ನೇಸ್ ಜೊತೆ ಏಳುತ್ತಾ ಬಗ್ಗುತ್ತಾ ಇರುವ ಕೇಬಲ್ ಇದು. ಹೆಚ್ಚಿನ ಕೇಬಲ್‌ಗಳು ಕರೆಂಟ್ ತಾಳಲಾರದೆ ಸಾಯುವುದಿಲ್ಲ. ಲಗ್ಗಿನ (ಕೇಬಲ್ ತುದಿಯಲ್ಲಿ ಬೋಲ್ಟ್ ಹಾಕಿ ಜೋಡಿಸುವ ತಾಮ್ರದ ತುಂಡು) ಬುಡದಲ್ಲಿ ಬಗ್ಗಿ ಬಗ್ಗಿ, ಕೆಟ್ಟ ನೀರಿನಲ್ಲಿ ಕೊಳೆತು ಸಾಯುತ್ತವೆ. ಹಾಗಾಗಿ ಡಿಸೈನ್ ಅಲ್ಲಿಂದಲೇ ಶುರುವಾಗಬೇಕು.

1. ಸತ್ತ ಕೇಬಲನ್ನು ಸೀಳಿ ನೋಡಿ

ಹಳೆ ಕೇಬಲನ್ನು ಹಾಗೇ ಗುಜರಿಗೆ ಹಾಕಬೇಡಿ. ಕ್ಲ್ಯಾಂಪು ಬಿಚ್ಚಿ, ಹೊರಗಿನ ಹೋಸನ್ನು ಉದ್ದಕ್ಕೂ ಸೀಳಿ. ಸಾಮಾನ್ಯವಾಗಿ ನಡುಭಾಗದ ತಾಮ್ರ ಕಂದು ಬಣ್ಣಕ್ಕೆ ತಿರುಗಿದ್ದರೂ ಗಟ್ಟಿಯಾಗೇ ಇರುತ್ತದೆ. ಕೈಯಲ್ಲಿ ಹಿಡಿದರೆ ಎಳೆಗಳು ಆರಾಮಾಗಿ ಬಾಗುತ್ತವೆ. ಲಗ್ಗಿನಿಂದ ನಾಲ್ಕು ಬೆರಳು ದೂರದೊಳಗೆ ಬನ್ನಿ, ಅಲ್ಲಿ ಕಥೆಯೇ ಬೇರೆ. ಎಳೆಗಳು ತುಂಡಾಗಿ ನಿಂತಿರುತ್ತವೆ, ನಡುವೆ ಕಪ್ಪು-ಹಸಿರು ಪುಡಿ ತುಂಬಿರುತ್ತದೆ, ಬೆರಳಲ್ಲಿ ಹಿಸುಕಿದರೆ ಒಂದಷ್ಟು ಎಳೆ ಉದುರಿ ಬೀಳುತ್ತವೆ.

ಈಗ ಯಾವ ಬದಿಯ ಎಳೆಗಳು ತುಂಡಾಗಿವೆ ಅಂತ ಗಮನಿಸಿ. ಬಾಗಿನ ಹೊರಬದಿಯವು ಮಾತ್ರ ಹೋಗಿ ಒಳಬದಿಯವು ಚೆನ್ನಾಗಿದ್ದರೆ ಕಾರಣ ಬಗ್ಗುವಿಕೆ. ಉದ್ದಕ್ಕೂ ಎಳೆ ತೆಳುವಾಗಿ ಹಸಿರು ಹಿಡಿದಿದ್ದರೆ ಕಾರಣ ನೀರು. ಹೋಸಿನ ಒಳಮೈ ಸುಟ್ಟು ಗಟ್ಟಿಯಾಗಿದ್ದರೆ ನೀರಿನ ಹರಿವು ಎಲ್ಲೋ ಕಟ್ಟಿಕೊಂಡಿದೆ. ಲಗ್ಗಿನ ಮುಖದಲ್ಲಿ ಕಪ್ಪು ಕಲೆ, ಗುಳಿ ಇದ್ದರೆ ಅದು ಕೇಬಲಿನ ತಪ್ಪಲ್ಲ, ಬೋಲ್ಟಿನದು. ಈ ಒಂದು ಗಂಟೆಯ ಕೆಲಸ ಹೇಳಿಕೊಡುವಷ್ಟನ್ನು ಯಾವ ಕ್ಯಾಟಲಾಗೂ ಹೇಳುವುದಿಲ್ಲ.

2. ನಿಜವಾದ ಕರೆಂಟ್ ಎಷ್ಟು ಅಂತ ಲೆಕ್ಕ ಹಾಕಿ

ಇಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ. 500 ಕಿಲೋವ್ಯಾಟ್ ಫರ್ನೇಸ್ ಅಂದಕೂಡಲೇ 500 ಕಿಲೋವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿ ಕರೆಂಟ್ ತೆಗೆಯುತ್ತಾರೆ. ಅದು ಸರಿಯಲ್ಲ. ಕಾಯಿಲ್‌ನ ಪವರ್ ಫ್ಯಾಕ್ಟರ್, ಅಂದರೆ ಹರಿಯುವ ಕರೆಂಟಿನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು, ತೀರಾ ಕಡಿಮೆ, 0.1ರ ಆಸುಪಾಸು. ಆ ಕೊರತೆಯನ್ನು ತುಂಬುವುದು ಕೆಪ್ಯಾಸಿಟರ್. ಕೆಪ್ಯಾಸಿಟರ್‌ಗೂ ಕಾಯಿಲ್‌ಗೂ ನಡುವೆ ಓಡಾಡುವ ಪೂರ್ತಿ ಕರೆಂಟು ಲೀಡ್ ಕೇಬಲಿನಲ್ಲೇ ಹರಿಯುತ್ತದೆ.

ಒಂದು ಉದಾಹರಣೆ ನೋಡೋಣ. 500 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.1 ಅಂದರೆ ಕಾಯಿಲ್‌ನಲ್ಲಿ 5,000 ಕೆವಿಎ. ಕಾಯಿಲ್ ವೋಲ್ಟೇಜ್ 1,250 ಇದ್ದರೆ ಕರೆಂಟ್ 4,000 ಆಂಪಿಯರ್. ಪವರ್ ಫ್ಯಾಕ್ಟರ್ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬರೀ 400 ಬರುತ್ತಿತ್ತು. ಹತ್ತು ಪಟ್ಟು ವ್ಯತ್ಯಾಸ!

ಸಾಧ್ಯವಾದರೆ ಅಳೆದೇ ನೋಡಿ. ಸಾಮಾನ್ಯ ಕ್ಲ್ಯಾಂಪ್ ಮೀಟರ್ 50 ಹರ್ಟ್ಸ್‌ಗೆ ಮಾಡಿದ್ದು, ಈ ಫ್ರೀಕ್ವೆನ್ಸಿಯಲ್ಲಿ ತಪ್ಪು ತೋರಿಸುತ್ತದೆ. ನಿಮ್ಮ ಫ್ರೀಕ್ವೆನ್ಸಿಗೆ ಸರಿಹೊಂದುವ ರೊಗೋವ್‌ಸ್ಕಿ ಕಾಯಿಲ್ (ಕೇಬಲಿಗೆ ಸುತ್ತಿ ಕರೆಂಟ್ ಅಳೆಯುವ ಬಳುಕುವ ಸುರುಳಿ) ಬೇಕು. ಅದನ್ನು ಸುತ್ತುವಾಗ, ಬಿಚ್ಚುವಾಗ ಪವರ್ ಆಫ್ ಆಗಿರಲಿ, ಕೆಪ್ಯಾಸಿಟರ್ ಡಿಸ್‌ಚಾರ್ಜ್ ಆಗಿರಲಿ. ಫರ್ನೇಸ್ ತುಂಬಿ, ಪೂರ್ತಿ ಪವರ್‌ನಲ್ಲಿ ಓಡುವಾಗಿನ ಅಂಕಿಯೇ ಡಿಸೈನ್‌ಗೆ ಆಧಾರ.

3. ತಾಮ್ರ ಎಷ್ಟು, ಹೇಗೆ ಜೋಡಿಸಬೇಕು

ಫ್ರೀಕ್ವೆನ್ಸಿ ಏರಿದಷ್ಟೂ ಕರೆಂಟ್ ತಾಮ್ರದ ಮೈಯಲ್ಲೇ ಹರಿಯುತ್ತದೆ, ಒಳಗೆ ಇಳಿಯುವುದಿಲ್ಲ. 50 ಹರ್ಟ್ಸ್‌ನಲ್ಲಿ ಸುಮಾರು 9 ಮಿ.ಮೀ. ಆಳಕ್ಕೆ ಇಳಿದರೆ, 500 ಹರ್ಟ್ಸ್‌ನಲ್ಲಿ ಸುಮಾರು 3 ಮಿ.ಮೀ., 1,000 ಹರ್ಟ್ಸ್‌ನಲ್ಲಿ ಸುಮಾರು 2 ಮಿ.ಮೀ., 3,000 ಹರ್ಟ್ಸ್‌ನಲ್ಲಿ ಬರೀ 1.2 ಮಿ.ಮೀ. ನಡುವೆ ತಾಮ್ರ ತುಂಬಿದರೆ ತೂಕ ಜಾಸ್ತಿಯಾಗುತ್ತದೆ ಅಷ್ಟೇ, ಅದು ಕೆಲಸ ಮಾಡುವುದಿಲ್ಲ.

ಅದಕ್ಕೇ ಒಳ್ಳೆ ಕೇಬಲಿನ ನಡುವೆ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಒಂದು ಕೋರ್ ಇರುತ್ತದೆ. ಅದರ ಸುತ್ತ ತಾಮ್ರದ ಹಗ್ಗಗಳನ್ನು ಸುರುಳಿಯಾಗಿ ಸುತ್ತಿರುತ್ತಾರೆ. ಇದರಿಂದ ಎಲ್ಲ ಹಗ್ಗಗಳೂ ಹೊರವಲಯದಲ್ಲೇ ಇರುತ್ತವೆ, ಕರೆಂಟನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. ಬಗ್ಗುವಾಗಲೂ ಸುರುಳಿಯಲ್ಲಿರುವ ಹಗ್ಗ ಒಮ್ಮೆ ಹೊರಬದಿಗೆ ಒಮ್ಮೆ ಒಳಬದಿಗೆ ಬರುವುದರಿಂದ ಯಾವುದೋ ಒಂದೇ ಹಗ್ಗದ ಮೇಲೆ ಎಳೆತ ಬೀಳುವುದಿಲ್ಲ. ಹಗ್ಗಗಳನ್ನು ಸುತ್ತದೆ ನೇರವಾಗಿ ತುಂಬಿದ ಕೇಬಲ್ ಕಡಿಮೆ ಬೆಲೆಗೆ ಸಿಗುತ್ತದೆ. ಬೇಡ.

ಎಳೆಯ ದಪ್ಪದಲ್ಲಿ ಒಂದು ಕೊಡು-ಕೊಳ್ಳು ಇದೆ. ಎಳೆ ಸಣ್ಣದಾದಷ್ಟೂ ಬಗ್ಗುವುದು ಸಲೀಸು. ಆದರೆ ಸಣ್ಣ ಎಳೆಯನ್ನು ಕೆಟ್ಟ ನೀರು ಬೇಗ ತಿಂದು ಹಾಕುತ್ತದೆ. ನೀರು ಚೆನ್ನಾಗಿರುವ ಕಡೆ 0.2 ಮಿ.ಮೀ. ಎಳೆ ನನ್ನ ಆಯ್ಕೆ. ಬೋರ್‌ವೆಲ್ ನೀರನ್ನೇ ನಂಬಿಕೊಂಡಿರುವ ಕಡೆ ಸ್ವಲ್ಪ ದಪ್ಪ ಎಳೆ, ಅದರ ಮೇಲೆ ತವರದ ಲೇಪ. ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ಕಪ್ಪಾಗಿಸುವುದನ್ನೂ ತವರ ತಡೆಯುತ್ತದೆ.

ಈಗ ನಮ್ಮ 4,000 ಆಂಪಿಯರ್‌ಗೆ ಬರೋಣ. ಹೋಗಲು ಎರಡು, ಬರಲು ಎರಡು, ಒಟ್ಟು ನಾಲ್ಕು ಕೇಬಲ್. ಪ್ರತಿಯೊಂದರಲ್ಲಿ 2,000 ಆಂಪಿಯರ್, 500 ಚದರ ಮಿ.ಮೀ. ತಾಮ್ರ, 3 ಮೀಟರ್ ಉದ್ದ. 50 ಡಿಗ್ರಿ ಬಿಸಿಯಲ್ಲಿ ಒಂದು ಕೇಬಲಿನ ಡಿಸಿ ರೆಸಿಸ್ಟೆನ್ಸ್ ಸುಮಾರು 115 ಮೈಕ್ರೋ ಓಮ್. ಕರೆಂಟಿನ ವರ್ಗದಿಂದ ಗುಣಿಸಿದರೆ 460 ವ್ಯಾಟ್. ಫ್ರೀಕ್ವೆನ್ಸಿಯಿಂದಾಗಿ ರೆಸಿಸ್ಟೆನ್ಸ್ ಎರಡೂವರೆ ಪಟ್ಟು ಆಗುತ್ತದೆ ಅಂತ ಹಿಡಿದರೆ 1,150 ವ್ಯಾಟ್. ನಾಲ್ಕೂ ಸೇರಿ 4.6 ಕಿಲೋವ್ಯಾಟ್. ವರ್ಷಕ್ಕೆ 4,000 ಗಂಟೆ ಓಡಿದರೆ 18,400 ಯೂನಿಟ್ ಬರೀ ಕೇಬಲಿನಲ್ಲೇ ಹೋಗುತ್ತದೆ. ಬೇಕಿಲ್ಲದ ಅರ್ಧ ಮೀಟರ್ ಉದ್ದ ಕಡಿಮೆ ಮಾಡಿದರೆ ಇದರ ಆರನೇ ಒಂದು ಭಾಗ ಉಳಿಯುತ್ತದೆ. ಆದರೆ ಕತ್ತರಿ ಹಾಕುವ ಮೊದಲು ಮುಂದಿನ ಹಂತ ಓದಿ.

4. ಉದ್ದ ಮತ್ತು ಬಾಗು: ಆಯುಷ್ಯ ನಿರ್ಧಾರವಾಗುವುದು ಇಲ್ಲೇ

ಡ್ರಾಯಿಂಗ್ ನೋಡಿ ಉದ್ದ ಹೇಳಬೇಡಿ. ಫರ್ನೇಸ್ ನೇರವಾಗಿ ನಿಂತಾಗ ಕೇಬಲ್ ಒಂದು ಆಕಾರದಲ್ಲಿರುತ್ತದೆ. ಪೂರ್ತಿ ಟಿಲ್ಟ್ ಮಾಡಿ ಲ್ಯಾಡಲ್‌ಗೆ ಲೋಹ ಸುರಿಯುವಾಗ ಬೇರೆಯೇ ಆಕಾರ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಅದು ಅತಿ ಹೆಚ್ಚು ಬಾಗುತ್ತದೆ, ಆ ಜಾಗ ಡ್ರಾಯಿಂಗಿನಲ್ಲಿ ಕಾಣುವುದಿಲ್ಲ.

ಸುಲಭದ ದಾರಿ ಇದೆ. ಕೇಬಲಿನಷ್ಟೇ ದಪ್ಪದ ಹಳೆ ರಬ್ಬರ್ ಹೋಸ್ ತೆಗೆದುಕೊಳ್ಳಿ. ಒಳಗೆ ಮರಳು ತುಂಬಿ ಎರಡೂ ತುದಿ ಕಟ್ಟಿ, ತೂಕ ನಿಜವಾದ ಕೇಬಲಿನ ಹತ್ತಿರಕ್ಕೆ ಬರುತ್ತದೆ. ಫರ್ನೇಸ್ ಖಾಲಿ ಇರುವಾಗ, ಪವರ್ ಲಾಕ್ ಮಾಡಿ, ಅದನ್ನು ಕೇಬಲ್ ಇರಬೇಕಾದ ಜಾಗದಲ್ಲಿ ಕಟ್ಟಿ. ಫರ್ನೇಸನ್ನು ನಿಧಾನಕ್ಕೆ ಪೂರ್ತಿ ಎತ್ತಿ, ಮತ್ತೆ ಇಳಿಸಿ. ಬದಿಯಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡಿ. ಎಲ್ಲಿ ಎಳೆಯುತ್ತದೆ, ಎಲ್ಲಿ ಮಡಚುತ್ತದೆ, ಎಲ್ಲಿ ಕಬ್ಬಿಣಕ್ಕೆ ಉಜ್ಜುತ್ತದೆ ಅನ್ನುವುದೆಲ್ಲ ಗೊತ್ತಾಗುತ್ತದೆ.

ನೋಡಬೇಕಾದ್ದು ಮೂರು. ಮೊದಲನೆಯದು ಬಾಗಿನ ತ್ರಿಜ್ಯ. ಕೇಬಲಿನ ಹೊರವ್ಯಾಸದ ಎಂಟು ಪಟ್ಟಿಗಿಂತ ಕಡಿಮೆ ಆಗದಂತೆ ನೋಡಿಕೊಳ್ಳುವುದು ನನ್ನ ಲೆಕ್ಕ. 75 ಮಿ.ಮೀ. ಕೇಬಲ್ ಅಂದರೆ 600 ಮಿ.ಮೀ. ಅಷ್ಟು ಜಾಗ ಇಲ್ಲದಿದ್ದರೆ ಒಂದು ದಪ್ಪ ಕೇಬಲಿನ ಬದಲು ಎರಡು ಸಣ್ಣವನ್ನು ಹಾಕಿ. ಎರಡನೆಯದು, ಲಗ್ಗಿನಿಂದ ಹೊರಟ ಕೇಬಲ್ ಕನಿಷ್ಠ ಒಂದು ಗೇಣಾದರೂ ನೇರವಾಗಿ ಹೋಗಿ ಆಮೇಲೆ ಬಾಗಬೇಕು. ಲಗ್ಗಿನ ಬುಡದಲ್ಲೇ ಬಾಗು ಬಂದರೆ ಪ್ರತಿ ಟಿಲ್ಟ್‌ಗೂ ಅದೇ ಎಳೆಗಳು ಬಗ್ಗುತ್ತವೆ. ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಬುಡದಲ್ಲಿ ಬಾಗು ತಪ್ಪದಿದ್ದರೆ ನೇರ ಲಗ್ಗಿನ ಬದಲು ಕೆಳಮುಖದ 90 ಡಿಗ್ರಿ ಲಗ್ ತರಿಸಿ.

ಮೂರನೆಯದು ತಿರುಚು. ಇದನ್ನು ಬಹಳ ಜನ ಮರೆಯುತ್ತಾರೆ. ಬಸ್‌ಬಾರ್ ಕಡೆಯ ಲಗ್ಗಿನ ಮುಖ ಅಡ್ಡಕ್ಕೆ, ಕಾಯಿಲ್ ಕಡೆಯದ್ದು ಉದ್ದಕ್ಕೆ ಇದ್ದರೆ, ಫಿಟ್ ಮಾಡುವವರು ಕೇಬಲನ್ನು ಬಲವಂತವಾಗಿ ತಿರುಗಿಸಿ ಬೋಲ್ಟ್ ಹಾಕುತ್ತಾರೆ. ಆ ತಿರುಚು ಕೇಬಲ್ ಇರುವವರೆಗೂ ಒಳಗೇ ಇರುತ್ತದೆ. ಆರ್ಡರ್ ಕೊಡುವಾಗಲೇ ಎರಡು ಲಗ್ಗಿನ ಮುಖಗಳ ನಡುವಿನ ಕೋನ ಬರೆದುಕೊಡಿ. ಸೊನ್ನೆಯೋ, 90ಯೋ, 180ಯೋ, ಯಾವ ಕಡೆಗೆ ಅನ್ನುವುದನ್ನೂ ಸೇರಿಸಿ. ಒಂದು ಸಾಲಿನ ಕೆಲಸ, ಅಷ್ಟೇ ಅಲ್ವಾ?

5. ಲಗ್ ಮತ್ತು ಜೋಡಣೆ

ತಾಮ್ರದ ಹಗ್ಗವನ್ನು ಲಗ್ಗಿಗೆ ಸೇರಿಸಲು ಮೂರು ವಿಧಾನ ಬಳಕೆಯಲ್ಲಿವೆ: ಸೋಲ್ಡರಿಂಗ್, ಬ್ರೇಜಿಂಗ್ (ಹೆಚ್ಚು ಶಾಖದಲ್ಲಿ ಬೇರೆ ಲೋಹ ಕರಗಿಸಿ ಬೆಸೆಯುವುದು), ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತುವುದು. ನಾನು ಒತ್ತಿದ್ದನ್ನೇ ಕೇಳುತ್ತೇನೆ. ಸೋಲ್ಡರ್ ಎಳೆಗಳ ನಡುವೆ ಮೇಲಕ್ಕೆ ಹೀರಿಕೊಂಡು ಹೋಗಿ ಗಟ್ಟಿಯಾಗುತ್ತದೆ. ಅದು ನಿಂತ ಗೆರೆಯಲ್ಲೇ ಎಳೆ ಮುರಿಯುತ್ತದೆ. ನೀರು ನಿಂತು ಬಿಸಿಯಾದರೆ ಕರಗಿಯೂ ಹೋಗುತ್ತದೆ. ಬ್ರೇಜಿಂಗ್‌ನಲ್ಲೂ ಬುಡ ಬಿರುಸಾಗುತ್ತದೆ, ಉಳಿದ ಫ್ಲಕ್ಸ್ ನೀರಿಗೆ ಸೇರಿ ತಾಮ್ರ ತಿನ್ನುತ್ತದೆ. ಸರಿಯಾದ ಡೈ ಹಾಕಿ ಒತ್ತಿದ ಲಗ್ಗನ್ನು ಅಡ್ಡ ಕೊಯ್ದರೆ ಎಳೆ ಎಲ್ಲಿ, ಲಗ್ ಎಲ್ಲಿ ಅಂತ ಗುರುತಿಸುವುದೇ ಕಷ್ಟ. ಹೊಸ ಸಪ್ಲೈಯರ್ ಹತ್ತಿರ ಹೀಗೆ ಕೊಯ್ದ ಒಂದು ಸ್ಯಾಂಪಲ್ ಕೇಳಿ. ಒಳ್ಳೆ ಕೆಲಸ ಮಾಡುವವರು ಖುಷಿಯಿಂದಲೇ ತೋರಿಸುತ್ತಾರೆ.

ನೀರಿನ ಹೋಸ್ ಸೇರಿಸುವ ನಿಪ್ಪಲ್ ಬ್ರೇಜ್ ಮಾಡುವ ಕಡೆ ಒಂದು ಎಚ್ಚರಿಕೆ. ವಿದ್ಯುತ್ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಇಟಿಪಿ ತಾಮ್ರದಲ್ಲಿ ಸ್ವಲ್ಪ ಆಮ್ಲಜನಕ ಇರುತ್ತದೆ. ಗ್ಯಾಸ್ ಜ್ವಾಲೆಯ ಹೈಡ್ರೋಜನ್ ಒಳಗೆ ಸೇರಿ ಅದರ ಜೊತೆ ಕೂಡಿ ಹಬೆಯಾಗುತ್ತದೆ, ತಾಮ್ರ ಒಳಗೊಳಗೇ ಬಿರುಕು ಬಿಡುತ್ತದೆ. ಬ್ರೇಜ್ ಮಾಡಲೇಬೇಕಾದ ಲಗ್ಗಿಗೆ ಆಕ್ಸಿಜನ್ ಇಲ್ಲದ ತಾಮ್ರವೇ ಬೇಕು. ಇಲ್ಲವಾದರೆ ಥ್ರೆಡ್ ಹಾಕಿದ ಸ್ಟೇನ್‌ಲೆಸ್ ನಿಪ್ಪಲ್ ಹಾಕಿಸಿ.

ಲಗ್ಗಿನ ಮುಖ ಸಮತಟ್ಟಾಗಿರಲಿ, ಬೆಳ್ಳಿ ಅಥವಾ ತವರದ ಲೇಪ ಇರಲಿ. ಬೋಲ್ಟು, ವಾಷರ್, ಹೋಸ್ ಕ್ಲ್ಯಾಂಪು ಇವೆಲ್ಲ ಅಯಸ್ಕಾಂತಕ್ಕೆ ಅಂಟದ ಲೋಹದ್ದೇ ಆಗಬೇಕು, ಕಂಚು ಅಥವಾ ಎಸ್‌ಎಸ್ 304. ಮಾಮೂಲಿ ಕಬ್ಬಿಣದ ಕ್ಲ್ಯಾಂಪು ಹಾಕಿದರೆ ಅದೇ ಒಂದು ಸಣ್ಣ ಇಂಡಕ್ಷನ್ ಹೀಟರ್ ಆಗಿ ಕೆಳಗಿನ ಹೋಸನ್ನು ಸುಡುತ್ತದೆ. ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಬಂದ ಮಾಲನ್ನೆಲ್ಲ ಮುಟ್ಟಿಸಿ ನೋಡಿ.

6. ಹೋಸ್

ಕಪ್ಪು ರಬ್ಬರ್ ಎಲ್ಲವೂ ಒಂದೇ ಅಲ್ಲ. ಬಣ್ಣಕ್ಕೆ, ಗಟ್ಟಿತನಕ್ಕೆ ಅಂತ ಕಾರ್ಬನ್ ಜಾಸ್ತಿ ಸೇರಿಸಿದ ರಬ್ಬರ್ ಕರೆಂಟ್ ಒಯ್ಯುತ್ತದೆ. ಸಾವಿರದ ಮೇಲೆ ವೋಲ್ಟೇಜ್ ಇರುವ ಕಡೆ ಅಂಥ ಹೋಸ್ ನಿಧಾನಕ್ಕೆ ಬಿಸಿಯಾಗಿ ಬಿರಿಯುತ್ತದೆ, ಅರ್ತ್ ಲೀಕೇಜ್ ಸುಮ್ನೆ ಸುಮ್ನೆ ಟ್ರಿಪ್ ಆಗುತ್ತದೆ. ಒಂದು ಅಡಿ ಒಣ ಹೋಸಿನ ಎರಡು ತುದಿಗೆ ಕ್ಲ್ಯಾಂಪು ಹಾಕಿ 1,000 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಅಳೆಯಿರಿ. ಮುಳ್ಳು ಇನ್ಫಿನಿಟಿ ಕಡೆ ಹೋಗಿ ನಿಲ್ಲಬೇಕು. ಕಾರ್ಬನ್ ರಹಿತ ಇಪಿಡಿಎಂ (ಶಾಖ ತಾಳುವ ಒಂದು ಕೃತಕ ರಬ್ಬರ್) ಹೋಸ್, ಒಳಗೆ ಬಟ್ಟೆಯ ಪದರ ಇದ್ದದ್ದು ಒಳ್ಳೆಯದು. ಕಬ್ಬಿಣದ ತಂತಿ ಹೆಣೆದ ಹೈಡ್ರಾಲಿಕ್ ಹೋಸನ್ನು ತುರ್ತು ಅಂತ ಒಂದು ಶಿಫ್ಟ್‌ಗೂ ಹಾಕಬೇಡಿ.

ಮೇಲೆ ಸಿಲಿಕೋನ್ ಲೇಪದ ಗ್ಲಾಸ್ ಫೈಬರ್ ಸ್ಲೀವ್ ಹಾಕಿ. ಲೋಹದ ಕಿಡಿ ಬಿದ್ದು ಹೋಸ್ ತೂತಾದರೆ ನಷ್ಟ ಕೇಬಲಿಗೆ ಮಾತ್ರ ಅಲ್ಲ. 1,450 ಡಿಗ್ರಿ ಕಬ್ಬಿಣದ ಕೆಳಗೆ ನೀರು ಸಿಕ್ಕಿಕೊಂಡರೆ ಹಬೆ ಸ್ಫೋಟವಾಗಿ ಜೀವ ಹೋಗುತ್ತದೆ. ಅದೇ ಕಾರಣಕ್ಕೆ, ಲೋಹ ಸೋರಿದರೆ ಹರಿದು ಬರುವ ದಾರಿಯಲ್ಲಿ ಕೇಬಲ್ ಇರಲೇಬಾರದು. ಹಳೆಯ ಕಾಲದ ಕಲ್ನಾರಿನ ಹಗ್ಗ ಈಗಲೂ ಕೆಲವು ಕಡೆ ಸುತ್ತುತ್ತಾರೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ, ಅದನ್ನು ಬಿಟ್ಟುಬಿಡಿ.

7. ನೀರು

ನಿಮಿಷಕ್ಕೆ ಒಂದು ಲೀಟರ್ ನೀರು 10 ಡಿಗ್ರಿ ಬಿಸಿಯಾದರೆ ಸುಮಾರು 0.7 ಕಿಲೋವ್ಯಾಟ್ ಶಾಖ ಒಯ್ಯುತ್ತದೆ. ನಮ್ಮ 1,150 ವ್ಯಾಟ್‌ಗೆ ಲೆಕ್ಕದಲ್ಲಿ ಎರಡು ಲೀಟರೂ ಬೇಡ. ಆದರೂ ನಾನು ಪ್ರತಿ ಕೇಬಲಿಗೆ ನಿಮಿಷಕ್ಕೆ 5 ಲೀಟರ್ ಕೇಳುತ್ತೇನೆ. ಲಗ್ಗಿನ ಜೋಡಣೆಯಲ್ಲಿ ಹುಟ್ಟುವ ಶಾಖವೂ ಇರುತ್ತದೆ, ವರ್ಷ ಕಳೆದಂತೆ ದಾರಿ ಕಿರಿದಾಗುವುದೂ ಇರುತ್ತದೆ.

ನೀರು ಇಲ್ಲದಿದ್ದರೆ ಏನಾಗುತ್ತದೆ? ಈ ಕೇಬಲಿನಲ್ಲಿ ಸುಮಾರು 13 ಕೆ.ಜಿ. ತಾಮ್ರ ಇದೆ. ಒಳಗೆ ನೀರೇ ಇಲ್ಲ ಅಂದುಕೊಂಡರೆ 1,150 ವ್ಯಾಟ್ ಅದನ್ನು ನಿಮಿಷಕ್ಕೆ ಸುಮಾರು 13 ಡಿಗ್ರಿ ಏರಿಸುತ್ತದೆ. ಯಾರೂ ನೋಡದೆ ಹಾಗೇ ಬಿಟ್ಟರೆ ಹೋಸ್ ಕಥೆ ಮುಗಿಯಿತು. ಹಾಗಾಗಿ ಪ್ರತಿ ಕೇಬಲಿಗೂ ಬೇರೆ ನೀರಿನ ದಾರಿ, ಬೇರೆ ಫ್ಲೋ ಸ್ವಿಚ್, ಬೇರೆ ಟೆಂಪರೇಚರ್ ಸ್ವಿಚ್ ಇರಲಿ. ಎಲ್ಲವನ್ನೂ ಒಂದೇ ಪೈಪಿಗೆ ಸೇರಿಸಿ ಒಂದೇ ಸ್ವಿಚ್ ಇಟ್ಟರೆ, ನಾಲ್ಕರಲ್ಲಿ ಒಂದು ಕಟ್ಟಿಕೊಂಡದ್ದು ಗೊತ್ತೇ ಆಗುವುದಿಲ್ಲ.

ನೀರಿನ ಗುಣದ ಬಗ್ಗೆ ರಾಜಿ ಬೇಡ. ಮುಚ್ಚಿದ ಸರ್ಕ್ಯೂಟಿನಲ್ಲಿ ಡಿಎಂ ವಾಟರ್ (ಲವಣಾಂಶ ತೆಗೆದ ನೀರು) ಇರಲಿ, ಪಿಎಚ್ 7ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ, ಕಂಡಕ್ಟಿವಿಟಿ ಪ್ಯಾನೆಲ್ ತಯಾರಕರು ಹೇಳಿದ ಮಿತಿಯೊಳಗಿರಲಿ. ಗಡಸು ನೀರು ಬಿಸಿಯಾದಾಗ ಬಿಳಿ ಪದರ ಕಟ್ಟುತ್ತದೆ, ಆ ಪದರ ಎಳೆಗಳ ನಡುವೆ ಸೇರಿ ಕೇಬಲನ್ನು ಕೋಲಿನಂತೆ ಮಾಡುತ್ತದೆ. ಕಬ್ಬಿಣದ ಪೈಪುಗಳ ತುಕ್ಕೂ ಬಂದು ಇಲ್ಲೇ ಕೂರುತ್ತದೆ. ಆದ್ದರಿಂದ ಪೈಪು ಪ್ಲಾಸ್ಟಿಕ್ಕಿನದೋ ಸ್ಟೇನ್‌ಲೆಸ್‌ನದೋ ಆಗಿರಲಿ, ಕೇಬಲಿಗೆ ಹೋಗುವ ಮೊದಲು ಒಂದು ಸ್ಟ್ರೇನರ್ ಇರಲಿ. ಮಳೆಗಾಲದ ಬೆಳಗಾವಿಯಂಥ ಕಡೆ ಇನ್ನೊಂದು ತೊಂದರೆ: ಒಳಬರುವ ನೀರು ತೀರಾ ತಣ್ಣಗಿದ್ದರೆ ಲಗ್ಗಿನ ಮೇಲೆ ಬೆವರು ಕಟ್ಟಿ ಸ್ಪಾರ್ಕ್ ಆಗುತ್ತದೆ. ಆಗ ನೀರನ್ನು 30 ಡಿಗ್ರಿ ಹತ್ತಿರ ಇಡುವುದು ಕ್ಷೇಮ.

8. ಜೋಡಿಸುವಾಗ

ಹೋಗುವ ಕೇಬಲ್, ಬರುವ ಕೇಬಲ್ ಒಂದರ ಪಕ್ಕ ಒಂದು ಇರಲಿ. ಎರಡು ಹೋಗುವವು ಒಂದು ಕಡೆ, ಎರಡು ಬರುವವು ಇನ್ನೊಂದು ಕಡೆ ಇಟ್ಟರೆ ಇಂಡಕ್ಟೆನ್ಸ್ ಏರುತ್ತದೆ, ಸುತ್ತಲಿನ ಕಬ್ಬಿಣವೆಲ್ಲ ಬಿಸಿಯಾಗುತ್ತದೆ. ಎದುರು ದಿಕ್ಕಿನ ಕರೆಂಟ್‌ಗಳು ಒಂದನ್ನೊಂದು ದೂಡುತ್ತವೆ. 2,000 ಆಂಪಿಯರ್, 150 ಮಿ.ಮೀ. ಅಂತರದಲ್ಲಿ ಅದು ಮೀಟರಿಗೆ ಸುಮಾರು ಅರ್ಧ ಕೆ.ಜಿ. ತೂಕದಷ್ಟೇ, ಆದರೆ ಬಿಡದೆ ನಡುಗಿಸುತ್ತದೆ. ಹಾಗಾಗಿ ಕೇಬಲ್‌ಗಳು ಪರಸ್ಪರ ಉಜ್ಜದಂತೆ ಫೈಬರ್ ಅಥವಾ ರಬ್ಬರ್ ಸ್ಪೇಸರ್ ಹಾಕಿ. ವಿದ್ಯುತ್ ಆರ್ಕಿನಿಂದ ಲೋಹ ಕರಗಿಸುವ ಆರ್ಕ್ ಫರ್ನೇಸ್‌ನಲ್ಲಿ ಲೆಕ್ಕವೇ ಬೇರೆ. 50,000 ಆಂಪಿಯರ್ ಅರ್ಧ ಮೀಟರ್ ಅಂತರದಲ್ಲಿ ಹರಿದರೆ ಮೀಟರಿಗೆ 100 ಕೆ.ಜಿ. ಹತ್ತಿರದ ತಳ್ಳು. ಅಲ್ಲಿ ಕೇಬಲ್ ಚಾಟಿಯಂತೆ ಹೊಡೆಯುತ್ತದೆ, ಆ ಡಿಸೈನ್‌ಗೆ ಈ ಅಂಕಿಗಳನ್ನು ಬಳಸಬೇಡಿ.

ಹೊಸ ಕೇಬಲ್ ಬಂದಕೂಡಲೇ ಎರಡು ಪರೀಕ್ಷೆ ಮಾಡಿ. ಕೆಲಸದ ಒತ್ತಡದ ಒಂದೂವರೆ ಪಟ್ಟಿನಲ್ಲಿ ಅರ್ಧ ಗಂಟೆ ನೀರು ತುಂಬಿಸಿಟ್ಟು, ಬಗ್ಗಿಸಿ ನೋಡಿ. ಮೈಕ್ರೋ ಓಮ್ ಮೀಟರ್‌ನಲ್ಲಿ ಲಗ್‌ನಿಂದ ಲಗ್‌ಗೆ ಅಳೆದು, ಅಂಕಿಯನ್ನೂ ದಿನಾಂಕವನ್ನೂ ಟ್ಯಾಗಿನಲ್ಲಿ ಬರೆಯಿರಿ. ನಮ್ಮ ಉದಾಹರಣೆಯ ಕೇಬಲ್ ತಣ್ಣಗಿರುವಾಗ 100 ಮೈಕ್ರೋ ಓಮ್ ಚಿಲ್ಲರೆ ತೋರಿಸಬೇಕು.

9. ಆಮೇಲಿನ ಆರೈಕೆ

ಮೊದಲ ದಿನ ಪೂರ್ತಿ ಲೋಡ್ ಕೊಟ್ಟ ಮೇಲೆ, ದೂರದಿಂದಲೇ ಥರ್ಮಲ್ ಕ್ಯಾಮೆರಾದಲ್ಲಿ ಲಗ್‌ಗಳನ್ನು ನೋಡಿ. ನಾಲ್ಕರಲ್ಲಿ ಒಂದು ಬೇರೆ ಬಣ್ಣದಲ್ಲಿ ಕಂಡರೆ ಆ ಬೋಲ್ಟನ್ನು ಬಿಚ್ಚಿ, ಮುಖ ಉಜ್ಜಿ, ಟಾರ್ಕ್ ರೆಂಚ್‌ನಲ್ಲಿ ಮತ್ತೆ ಬಿಗಿಯಿರಿ. ಕೇಬಲ್ ಮುಟ್ಟುವ ಮೊದಲು ಪವರ್ ಲಾಕ್ ಆಗಿದೆಯಾ, ಕೆಪ್ಯಾಸಿಟರ್ ಖಾಲಿಯಾಗಿ ಅರ್ತ್ ಆಗಿದೆಯಾ ಅಂತ ಪ್ರತಿ ಸಲವೂ ನೋಡಲೇಬೇಕು.

ದಿನವೂ ನಾಲ್ಕು ಕೇಬಲಿನ ಹೊರಬರುವ ನೀರಿನ ಬಿಸಿ ಬರೆದಿಡಿ. ಒಂದೊಂದರ ಅಂಕಿಗಿಂತ ಅವುಗಳ ನಡುವಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ. ಲೈನಿಂಗ್ (ಫರ್ನೇಸಿನ ಒಳಗಿನ ಶಾಖ ತಾಳುವ ಪದರ) ಬದಲಿಸುವ ದಿನ ಫರ್ನೇಸ್ ಹೇಗೂ ನಿಂತಿರುತ್ತದೆ. ಆಗ ಮೈಕ್ರೋ ಓಮ್ ಅಳೆಯಿರಿ, ಲಗ್ಗಿನ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಒಳಗೆ ಕರಕರ ಅಂದರೆ ಎಳೆ ಮುರಿದಿವೆ. ರೆಸಿಸ್ಟೆನ್ಸ್ ಹೊಸದಿದ್ದಾಗಿನದಕ್ಕಿಂತ 25ರಿಂದ 30 ಶೇಕಡಾ ಏರಿದ್ದರೆ ನಾನು ಆ ಕೇಬಲ್ ತೆಗೆಸುತ್ತೇನೆ, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಾಣಲಿ. ತೆಗೆಯುವಾಗ ಜೊತೆಯದನ್ನೂ ಅಳೆಯಿರಿ. ಒಂದು ಸೋತಾಗ ಅದರ ಪಾಲಿನ ಕರೆಂಟ್ ಪಕ್ಕದ್ದಕ್ಕೆ ಹೋಗಿರುತ್ತದೆ, ಅದೂ ದಣಿದಿರುತ್ತದೆ.

ಒಂದು ಸ್ಪೇರ್ ಕೇಬಲ್ ಯಾವಾಗಲೂ ಇರಲಿ. ಪರೀಕ್ಷೆಗೆ ತುಂಬಿದ ನೀರನ್ನು ಪೂರ್ತಿ ಬಸಿದು, ಒಣಗಿದ ಗಾಳಿ ಊದಿ, ಎರಡೂ ನಿಪ್ಪಲ್‌ಗೆ ಮುಚ್ಚಳ ಹಾಕಿ. ಸುರುಳಿ ಸುತ್ತದೆ, ಬಿಸಿಲು ಬೀಳದ ಕಡೆ ನೇರವಾಗಿ ಮಲಗಿಸಿಡಿ. ಅದರ ಲಗ್ ಕೋನ ನಿಮ್ಮ ಯಾವ ಫರ್ನೇಸ್‌ಗೆ ಹೊಂದುತ್ತದೆ ಅನ್ನುವುದನ್ನು ಅದೇ ಟ್ಯಾಗಿನಲ್ಲಿ ದಪ್ಪಕ್ಷರದಲ್ಲಿ ಬರೆದಿರಿ.